ಹಳೆಯ ಫ್ಲಾಸ್ಕ್ ವೇರಿಯೋಮೀಟರೋ, ಹೊಸ ಸೆನ್ಸರ್ ಮಾದರಿಯೋ?

ಹಳೆಯ ಗ್ಲೈಡರ್ ಕೊಂಡವರು ಪ್ಯಾನೆಲ್‌ನಲ್ಲಿರುವ ಧ್ವನಿ ವೇರಿಯೋಮೀಟರನ್ನು (ಏರುವ, ಇಳಿಯುವ ವೇಗವನ್ನು ಸದ್ದಿನಿಂದ ತಿಳಿಸುವ ಉಪಕರಣ) ಉಳಿಸಿಕೊಳ್ಳಬೇಕೇ ಎಂದು ಕೇಳುವುದುಂಟು. ಖರ್ಚಿನಲ್ಲಿ ಹಳೆಯದೇ ಅಗ್ಗ, ತೊಡಕಿರುವುದು ಅಳವಡಿಕೆಯಲ್ಲಿ. ಅದು ಸಾಮಾನ್ಯವಾಗಿ 0.45 ಲೀಟರಿನ ಫ್ಲಾಸ್ಕಿನ ಒಳಹೊರಗೆ ಹರಿಯುವ ಗಾಳಿಯನ್ನು ಥರ್ಮಿಸ್ಟರ್‌ಗಳಿಂದ (ಶಾಖಕ್ಕೆ ತಕ್ಕಂತೆ ವಿದ್ಯುತ್ ರೋಧ ಬದಲಾಗುವ ಬಿಡಿಭಾಗಗಳು) ಅಳೆಯುವುದರಿಂದ, ಫ್ಲಾಸ್ಕಿನಲ್ಲಾಗಲಿ ಟೋಟಲ್ ಎನರ್ಜಿ ಪ್ರೋಬಿನಿಂದ (ವೇಗ ಬದಲಿಸಿದ್ದರಿಂದಷ್ಟೇ ಆಗುವ ಏರಿಳಿತ ಸೂಚನೆಯಲ್ಲಿ ಸೇರದಂತೆ ಹೊರಗಿನ ಗಾಳಿಗೆ ಚಾಚಿದ ನಳಿಕೆ) ಬರುವ ಕೊಳವೆಯಲ್ಲಾಗಲಿ ಕೂದಲೆಳೆಯಷ್ಟು ಸೋರಿಕೆಯಿದ್ದರೂ ಸೂಚನೆ ಕೆಡುತ್ತದೆ. ಬಿಸಿಲಿಗೆ ಫ್ಲಾಸ್ಕ್ ಕಾದರೆ ಒಳಗಿನ ಗಾಳಿ ಹಿಗ್ಗಿ ಹೊರನುಗ್ಗಿ, ಇಲ್ಲದ ಏರಿಕೆಯನ್ನು ತೋರಿಸುತ್ತದೆ. ಆದ್ದರಿಂದಲೇ ಅದನ್ನು ನೆರಳಿನಲ್ಲಿ, ಶಾಖನಿರೋಧಕ ಹೊದಿಕೆಯೊಳಗೆ ಇಡುವುದು.

ಒತ್ತಡ ಸೆನ್ಸರ್ ಇರುವ ಮಾದರಿಗೆ ಫ್ಲಾಸ್ಕಿನ ಹಂಗಿಲ್ಲವಾದರೂ ಕೊಳವೆಯ ಸೋರಿಕೆ ಅದನ್ನೂ ಬಿಡದು.

ಬಳಕೆಯಲ್ಲಿ ಎರಡರ ಮುಖ್ಯ ಉಪಕಾರ ಒಂದೇ: ಥರ್ಮಲ್‌ನಲ್ಲಿ (ಮೇಲೇರುವ ಬಿಸಿಗಾಳಿ) ಸುತ್ತುವಾಗ ಕಿವಿ ಏರಿಕೆಯನ್ನು ಗಮನಿಸಿದರೆ ಕಣ್ಣು ಇತರ ವಿಮಾನಗಳನ್ನು ನೋಡಬಹುದು. ಗುಂಡಿ ಕಡಿಮೆಯಿರುವ ಹಳೆಯದು ಸ್ಥಳೀಯ ಹಾರಾಟಕ್ಕೂ ಕಲಿಯುವವರಿಗೂ ಧಾರಾಳವಾಗಿ ಸಾಲುತ್ತದೆ, ಸೋರಿಕೆ ಹುಡುಕುವ ತಾಳ್ಮೆಯಿದ್ದರೆ. ದೂರದ ಹಾರಾಟಕ್ಕೆ ಹೊರಡುವವರಿಗೆ ಹೊಸದರ ಸರಾಸರಿ ಏರಿಕೆಯ ಅಂಕಿಯೂ ಯಾವ ವೇಗದಲ್ಲಿ ಹಾರಬೇಕೆಂಬ ಸೂಚನೆಯೂ ಬೆಲೆಗೆ ತಕ್ಕವು. ಆದರೆ ಬ್ಯಾಟರಿ ಕೈಕೊಟ್ಟರೆ ಎರಡೂ ಮೌನವಾಗುವುದರಿಂದ, ಪಕ್ಕದಲ್ಲೊಂದು ಯಾಂತ್ರಿಕ ವೇರಿಯೋಮೀಟರ್ ಇರುವುದು ಒಳ್ಳೆಯದು.