ಬ್ರೆಗೆ 14 ಟಪಾಲು ವಿಮಾನದ ಕಿಟ್: ಮೂಗು ಸೂಪರ್, ಹಿಂದಿನ ಸೀಟು ತಪ್ಪು
ಪುಣೆಲಿ ಮಾಡೆಲ್ ಕಟ್ಟೋ ಹುಚ್ಚಿರೋ ನಮ್ಮೋರಿಗೆ ಇದು. ಸದಾಶಿವ ಪೇಟ್ ಕಡೆ ಒಂದು ಹಾಬಿ ಅಂಗಡಿಲಿ ಬ್ರೆಗೆ 14 ಅನ್ನೋ ಹಳೇ ಫ್ರೆಂಚ್ ವಿಮಾನದ ಕಿಟ್ ಬಂದಿದೆ, 1/48 ಸ್ಕೇಲು (ಅಸಲಿ ವಿಮಾನದ 48ನೇ ಒಂದು ಪಾಲು), ಕಟ್ಟಿದ್ಮೇಲೆ ರೆಕ್ಕೆ ಹೆಚ್ಚುಕಮ್ಮಿ 30 ಸೆಂಟಿಮೀಟರ್ ಅಗಲ ಬರತ್ತೆ. ಡಬ್ಬದ ಮೇಲೆ ಫ್ರಾನ್ಸಿನ ಲಾಟೆಕೋಯೆರ್ ಅನ್ನೋ ವಿಮಾನ ಕಂಪನಿಯ ಟಪಾಲು ವಿಮಾನ ಅಂತ ಚಿತ್ರ ಹಾಕಿದಾರೆ, ಅದನ್ನ ನೋಡೇ ತಗೊಂಡೆ.

ಮೂಗಿಗೆ ಫುಲ್ ಮಾರ್ಕ್ಸ್. ಮುಂದೆ ಚೌಕಾಕಾರದ ರೇಡಿಯೇಟರ್, ಹಿಂದೆ 300 ಹಾರ್ಸ್‌ಪವರಿನ ರೆನೋ ಇಂಜಿನ್, ಅದರ ಹೊಗೆ ಕೊಳವೆ ಒಲೆ ಚಿಮಣಿ ಥರ ನೆಟ್ಟಗೆ ಮೇಲಕ್ಕೆ ಎದ್ದಿರತ್ತೆ, ಇಂಜಿನ್ ಮುಚ್ಚಳದ ಮೇಲಿನ ಗಾಳಿ ಸೀಳುಗಳನ್ನೂ ಒಂದೊಂದಾಗಿ ಬಿಡಿಸಿದಾರೆ, ಪೇಂಟ್ ತೆಳುವಾಗಿ ಹೊಡೀರಿ ಇಲ್ಲಾಂದ್ರೆ ಮುಚ್ಚೋಗತ್ತೆ. ಒಳಗಿನ ಫ್ರೇಮೂ ಕೊಟ್ಟಿದಾರೆ, ಅದು ನಂಗೆ ಬಹಳ ಖುಷಿ ಆಯ್ತು, ಯಾಕಂದ್ರೆ ಲೂಯಿ ಬ್ರೆಗೆ ಇದನ್ನ 1916ರಲ್ಲಿ ಹಾರಿಸ್ದಾಗ ಹೆಚ್ಚಿನವ್ರು ಇನ್ನೂ ಮರದಲ್ಲೇ ವಿಮಾನ ಕಟ್ತಿದ್ರು, ಇವ್ರು ಡ್ಯೂರಾಲುಮಿನ್ ಅನ್ನೋ ಗಟ್ಟಿ ಅಲ್ಯೂಮಿನಿಯಂ ಮಿಶ್ರಲೋಹದ ಕೊಳವೆ ಹಾಕಿದ್ರು. ಮೊದಲನೇ ಮಹಾಯುದ್ಧಕ್ಕೆ ಮಾಡಿದ್ದು, ಆದ್ರೆ ಯುದ್ಧ ಮುಗಿದ್ಮೇಲೆ ಇದೇ ವಿಮಾನ ತೂಲೂಸ್‌ನಿಂದ ಕಾಸಾಬ್ಲಾಂಕಾಗೆ, 1925ರಿಂದ ಮುಂದೆ ಸೆನೆಗಲ್‌ನ ಡಕಾರ್‌ವರೆಗೂ ಕಾಗದದ ಚೀಲ ಹೊತ್ತಿದೆ.

ಬೇಜಾರಾಗಿದ್ದು ಹಿಂದಿನ ಸೀಟು ನೋಡಿ. ಮಶೀನ್‌ಗನ್ ಕೂರಿಸೋ ಬಳೆ ಹಾಗೇ ಬಿಟ್ಟಿದಾರೆ! ಅಂದ್ರೆ ಯುದ್ಧದ ಕಿಟ್‌ಗೇ ಬೇರೆ ಸ್ಟಿಕರ್ ಹಾಕಿ ಟಪಾಲು ಅಂತ ಮಾರ್ತಿದಾರೆ, ಇದು ಸರಿಯಲ್ಲ. ಟಪಾಲು ವಿಮಾನದ ಕತೆನೇ ಬೇರೆ: ಡಕಾರ್ ದಾರೀಲಿ ಸಹಾರಾ ಮೇಲೆ ಇಂಜಿನ್ ಕೈಕೊಟ್ರೆ ಮರಳಲ್ಲೇ ಇಳೀಬೇಕು, ಅಲ್ಲಿನ ಬುಡಕಟ್ಟಿನವ್ರು ಪೈಲಟ್‌ನ ಹಿಡ್ಕೊಂಡು ಹೋಗಿ ದುಡ್ಡು ಕೇಳ್ತಿದ್ರು, ಅದಕ್ಕೇ ಎರಡೆರಡು ವಿಮಾನ ಜೊತೆಗೆ ಹೋಗ್ತಿದ್ವು, ಭಾಷೆ ಬಲ್ಲ ದುಭಾಷಿನೂ ಕರ್ಕೊಂಡು ಹೋಗ್ತಿದ್ರು. ಆ ದುಭಾಷಿಯ ಬೊಂಬೆ ಒಂದು ಕೊಟ್ಟಿದ್ರೆ ಎಷ್ಟು ಚೆನ್ನಾಗಿರ್ತಿತ್ತು. ನಾನು ಬಳೆ ಕತ್ತರಿಸಿ, ಪಟ್ಟಿ ಮೆತ್ತಿ, ಟಿಶ್ಯೂ ಪೇಪರನ್ನ ಫೆವಿಕಾಲ್ ನೀರಲ್ಲಿ ಅದ್ದಿ ಚೀಲ ಮಾಡಿಟ್ಟೆ, ಚೆನ್ನಾಗೇ ಕೂತಿದೆ.

ರೆಕ್ಕೆ ನಡುವಿನ ತಂತಿಗೆ ಅವ್ರು ಕೊಟ್ಟಿರೋ ಹತ್ತಿ ದಾರ ಬೇಡ್ವೇ ಬೇಡ, ಇಲ್ಲಿನ ಮಳೆಗಾಲಕ್ಕೆ ಜೋತುಬೀಳತ್ತೆ. ಗಾಳಕ್ಕೆ ಕಟ್ಟೋ ಸಣ್ಣ ನೈಲಾನ್ ದಾರ ಹಾಕಿ.

ಇಷ್ಟಿದ್ರೂ ತಗೊಳ್ಳಿ ಅಂತೀನಿ. ಅಂಗಡಿ ಕಾಕಾ ಒಳ್ಳೆಯವ್ರು, ಡಬ್ಬ ಬಿಚ್ಚಿ ತೋರಿಸ್ತಾರೆ. ಲಾಟೆಕೋಯೆರ್‌ನವ್ರ ಇನ್ನೊಂದು ವಿಮಾನ ಲಾಟೆ 28ರ ಕಿಟ್ ತರಿಸಿ ಅಂತ ಹೇಳಿ ಬಂದಿದೀನಿ, 1930ರ ಮೇ ತಿಂಗಳಲ್ಲಿ ಫ್ರೆಂಚ್ ಪೈಲಟ್ ಮೆರ್ಮೋಜ್ ಸೆನೆಗಲ್‌ನಿಂದ ಬ್ರೆಜಿಲ್‌ಗೆ ಸಮುದ್ರದ ಮೇಲೆ ಟಪಾಲು ಒಯ್ದಿದ್ದು ಅದ್ರಲ್ಲೇ. ಹೋದಾಗ ನೀವೂ ಒಂದ್ಮಾತು ಕೇಳಿ, ನಾಲ್ಕು ಜನ ಕೇಳಿದ್ರೆ ತರಿಸ್ತಾರಂತೆ.