ಶನಿವಾರ, ಭಾನುವಾರ ಸಾಕು ಎಂದವರಿಗೆ ಸರ್ವರ್ ಒಪ್ಪಿಸಬೇಡಿ

ಶಿರಸಿಯ ನಮ್ಮ ಸಂಸ್ಥೆಯ ಕಡತ, ಬಿಲ್ಲು, ರಜಾ ಅರ್ಜಿ ಎಲ್ಲವೂ ಶೇರ್‌ಪಾಯಿಂಟ್ 2010ರ (ಕಚೇರಿಯ ಕಡತಗಳನ್ನು ಒಂದೆಡೆ ಇಟ್ಟು ಹಂಚಿಕೊಳ್ಳುವ ಮೈಕ್ರೋಸಾಫ್ಟ್ ತಂತ್ರಾಂಶ) ಸರ್ವರಿನಲ್ಲಿದ್ದವು. ಅದಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2021ರ ಏಪ್ರಿಲ್ 13ಕ್ಕೆ ಮುಗಿದಿತ್ತು. ನಮಗೆ ಎಚ್ಚರವಾದದ್ದು ಆಷಾಢದಲ್ಲಿ. ಗುತ್ತಿಗೆಗೆ ಬಂದವನು "ನೇರವಾಗಿ 2019ರ ಆವೃತ್ತಿಗೆ ಏರಿಸೋಣ, ಶನಿವಾರ, ಭಾನುವಾರ ಸಾಕು ಸರ್" ಎಂದ. ದರವೂ ಕಡಿಮೆ. ಸಹಿ ಹಾಕಿದವನು ನಾನೇ.

ನೇರವಾಗಿ ಏರಿಸಲು ಬರುವುದೇ ಇಲ್ಲ. 2010ರ ಡೇಟಾಬೇಸನ್ನು ಮೊದಲು 2013ಕ್ಕೆ ಜೋಡಿಸಿ, ಅಲ್ಲಿ ಪ್ರತಿ ಸೈಟನ್ನೂ ಮೇಲ್ದರ್ಜೆಗೆ ತಂದು, ಆಮೇಲೆ 2016ಕ್ಕೆ, ಅಲ್ಲಿಂದ 2019ಕ್ಕೆ ಒಯ್ಯಬೇಕು. ನಡುವಿನ ಎರಡು ಮೆಟ್ಟಿಲಿಗೆ ತಾತ್ಕಾಲಿಕ ಸರ್ವರ್ ಬೇಕು. ಆ ಪುಣ್ಯಾತ್ಮನಿಗೆ ಇದು ಗೊತ್ತಾದದ್ದು ಶನಿವಾರ ಮಧ್ಯಾಹ್ನ! ರಾತ್ರಿ ಎಲ್ಲೋ ಮರ ಬಿದ್ದು ಕರೆಂಟ್ ಹೋಯಿತು. ಯುಪಿಎಸ್ ಸ್ವಲ್ಪ ಹೊತ್ತು ಕೂಗಿ ಸುಮ್ಮನಾಯಿತು. ಮೊದಲ ಮೆಟ್ಟಿಲಿನ ಕೆಲಸ ಮತ್ತೆ ಬ್ಯಾಕಪ್‌ನಿಂದ ಶುರು. ಆಷಾಢದಲ್ಲಿ ಜನ ಗೃಹಪ್ರವೇಶವನ್ನೇ ಇಟ್ಟುಕೊಳ್ಳುವುದಿಲ್ಲ, ನಾವು ಸರ್ವರ್ ಬದಲಿಸಲು ಹೊರಟಿದ್ದೆವು.

ಸೋಮವಾರ ಬೆಳಿಗ್ಗೆ ಹೇಗೋ ತೆರೆದುಕೊಂಡಿತು. ಆದರೆ ಬಿಲ್ ಮಂಜೂರಾತಿಯ ಪುಟದಲ್ಲಿ ಫಾರ್ಮ್ ಇರಬೇಕಾದ ಜಾಗದಲ್ಲಿ ಬರೀ ದೋಷದ ಸಂದೇಶ. ಆ ಫಾರ್ಮ್ ತೋರಿಸುವ ವೆಬ್ ಪಾರ್ಟ್ (ಪುಟದೊಳಗೆ ಕೂರಿಸುವ ಸಣ್ಣ ಪ್ರೋಗ್ರಾಂ) ಬರೆದುಕೊಟ್ಟ ಹುಡುಗ ಬೆಂಗಳೂರು ಸೇರಿ ವರ್ಷಗಳಾಗಿವೆ, ಮೂಲ ಕೋಡ್ ಯಾರ ಬಳಿಯೂ ಇಲ್ಲ. ಡೇಟಾಬೇಸಿನ ನಕಲಿನ ಮೇಲೆ 'ಟೆಸ್ಟ್-ಎಸ್‌ಪಿಕಂಟೆಂಟ್‌ಡೇಟಾಬೇಸ್' ಎಂಬ ಒಂದು ಆಜ್ಞೆ ಕೊಟ್ಟಿದ್ದರೆ ಹೊಸ ಸರ್ವರಿನಲ್ಲಿ ಏನೇನು ಇಲ್ಲ ಎಂಬ ಪಟ್ಟಿ ಮೊದಲೇ ಸಿಗುತ್ತಿತ್ತು. ಅವನು ಕೊಡಲಿಲ್ಲ, ನಾನು ಕೇಳಲಿಲ್ಲ.

ಹನ್ನೊಂದು ಗಂಟೆಗೆ ಹಳೆಯ ಸರ್ವರಿಗೇ ಮರಳಿದೆವು. ನಿಜವಾದ ಪೆಟ್ಟು ಬಿದ್ದದ್ದು ಇಲ್ಲಿ. ಮೇಲೇರಿಸಿದ ಡೇಟಾಬೇಸ್ ಹಳೆಯ ಆವೃತ್ತಿಗೆ ಇಳಿಯುವುದಿಲ್ಲ. ಶಿರಸಿಯವರು ಅಷ್ಟರೊಳಗೆ ಹೊಸದರಲ್ಲಿ ಕಡತ ತಿದ್ದಿದ್ದರು. ಹಳೆಯದನ್ನು 'ಓದಲು ಮಾತ್ರ' ಎಂದು ಬೀಗ ಹಾಕದೆ ಬಿಟ್ಟಿದ್ದರಿಂದ ಕಾರವಾರ ಶಾಖೆಯವರು ಹಳೆಯದರಲ್ಲೇ ತಿದ್ದಿದ್ದರು. ಒಂದೇ ಕಡತಕ್ಕೆ ಎರಡು ರೂಪ.

ಶೇರ್‌ಪಾಯಿಂಟ್ 2016 ಮತ್ತು 2019ರ ಬೆಂಬಲ ಮುಗಿಯುವ ದಿನ 2026ರ ಜುಲೈ 14. ಇವೆರಡರಿಂದಲೂ ಇವುಗಳ ನಂತರದ ಆವೃತ್ತಿಯಾದ ಸಬ್‌ಸ್ಕ್ರಿಪ್ಷನ್ ಎಡಿಷನ್‌ಗೆ ನೇರ ದಾರಿಯಿದೆ. 2013ರಲ್ಲೇ ಉಳಿದವರಿಗೆ ಇಲ್ಲ. ಯಾರಿಗೇ ಕೆಲಸ ಕೊಡಿ, ನಿಮ್ಮದೇ ಡೇಟಾಬೇಸಿನ ನಕಲಿನ ಮೇಲೆ ತೆಗೆದ ಆ ಪಟ್ಟಿ ಕೈಗೆ ಬರುವ ತನಕ ಮುಂಗಡ ಕೊಡಬೇಡಿ. ನಮ್ಮ ಲೆಕ್ಕಪತ್ರ ವಿಭಾಗದ ಇಬ್ಬರು ಎರಡು ಪರದೆ ಅಕ್ಕಪಕ್ಕ ಇಟ್ಟುಕೊಂಡು ಸಾಲು ಸಾಲಾಗಿ ಹೋಲಿಸುತ್ತ ಗುರುವಾರದವರೆಗೂ ಕುಳಿತಿದ್ದರು. ನಾನು ಚಹಾ ತರಿಸಿಕೊಡುತ್ತಿದ್ದೆ.