ಕ್ರೋಮಿಯಂ ಅಯೋಡೈಡಾ, ಎಫ್‌ಜಿಟಿನಾ? ಪ್ರಾಜೆಕ್ಟ್‌ಗೆ ಯಾವ್ದು ತಗೊಳ್ಳೋದು

ಯಶವಂತಪುರದ ಟೀ ಅಂಗಡೀಲಿ ಜೂನಿಯರ್ ಒಬ್ಬ ಕೇಳ್ದ, ಅಣ್ಣಾ ಪರಮಾಣು ದಪ್ಪದ ಮ್ಯಾಗ್ನೆಟ್ ಮೇಲೆ ಪ್ರಾಜೆಕ್ಟ್, ಯಾವ ಮೆಟೀರಿಯಲ್ ತಗೊಳ್ಲಿ ಅಂತ.

ಕ್ರೋಮಿಯಂ ಟ್ರೈಅಯೋಡೈಡ್‌ಗೆ ಹೆಸರು ಜೋರು, ಒಂದೇ ಪದರ ಉಳಿದ್ರೂ ಮ್ಯಾಗ್ನೆಟ್ ಆಗೇ ಇರುತ್ತೆ ಅಂತ 2017ರಲ್ಲಿ ತೋರಿಸಿದ್ದು ಇದ್ರಲ್ಲೇ. ಎರಡು ಪದರ ಆದ್ರೆ ಅವುಗಳ ಮ್ಯಾಗ್ನೆಟ್ ದಿಕ್ಕು ಒಂದಕ್ಕೊಂದು ಉಲ್ಟಾ ತಿರುಗಿ ಕೂರುತ್ತೆ, ವೋಲ್ಟೇಜ್ ಕೊಟ್ಟು ಅದನ್ನ ಬದಲಾಯಿಸಬಹುದು, ಮುಂದೆ ಕಮ್ಮಿ ಕರೆಂಟ್‌ನ ಮೆಮೊರಿಗೆ ಆಸೆ ಇರೋದು ಅದಕ್ಕೇ. ಆದ್ರೆ ಒಂದು ಪದರಕ್ಕೆ 45 ಕೆಲ್ವಿನ್ನೇ ಮಿತಿ, ಅದಕ್ಕಿಂತ ಬಿಸಿ ಆದ್ರೆ ಮ್ಯಾಗ್ನೆಟ್ ಗುಣ ಹೋಗುತ್ತೆ, 77 ಕೆಲ್ವಿನ್‌ನ ಲಿಕ್ವಿಡ್ ನೈಟ್ರೋಜನ್ ತಂಪು ಸಾಲಲ್ಲ. ಇನ್ನು ನಮ್ಮೂರ ಜುಲೈ ತೇವದಲ್ಲಿ ಗ್ಲವ್‌ಬಾಕ್ಸಿಂದ (ಹೊರಗಿನ ಗಾಳಿ, ತೇವ ಒಳಗೆ ಬಿಡದ ಪೆಟ್ಟಿಗೆ) ಆಚೆ ತಂದ್ರೋ ಮುಗೀತು, ಮೈಕ್ರೋಸ್ಕೋಪ್ ಲೈಟ್ ಕೆಳಗೇ ಅಂಚಿಂದ ಹನಿಹನಿಯಾಗಿ ಕರಗುತ್ತೆ, ಬೆಲ್ಲದ ಥರ.

ಎಫ್‌ಜಿಟಿ ಅಂದ್ರೆ ಕಬ್ಬಿಣ, ಜರ್ಮೇನಿಯಂ, ಟೆಲ್ಯುರಿಯಂ ಸೇರಿದ್ದು. ಇದು ಮೆಟಲ್, ಕರೆಂಟ್ ಹರಿಸಿ ನೇರವಾಗಿ ಅಳೀಬಹುದು, ಒಂದು ಪದರದಲ್ಲೂ ಸುಮಾರು 130 ಕೆಲ್ವಿನ್ ತನಕ ತಡ್ಕೊಳ್ಳುತ್ತೆ. ಇದಕ್ಕೂ ಗಾಳಿ ಆಗಲ್ಲ, ಮೇಲೆ ಬೋರಾನ್ ನೈಟ್ರೈಡ್ ಮುಚ್ಚಿದ್ರೆ ನಡೆಯುತ್ತೆ. ಜರ್ಮೇನಿಯಂ ಜಾಗಕ್ಕೆ ಗ್ಯಾಲಿಯಂ ಹಾಕಿದ ಇದರ ತಮ್ಮ ಒಬ್ಬ ಇದಾನೆ, ದಪ್ಪ ಹರಳಲ್ಲಿ ರೂಂ ಟೆಂಪರೇಚರ್‌ನೂ ದಾಟ್ತಾನೆ.

ನಾನಾಗಿದ್ರೆ ಎಫ್‌ಜಿಟಿನೇ. ಪದರ ಎಣಿಸಿ ಆಟ ಆಡೋ ಹುಚ್ಚು, ಜೊತೆಗೆ ಅಷ್ಟು ತಂಪು ಮಾಡೋ ಹೀಲಿಯಂ ಕ್ರಯೋಸ್ಟಾಟ್ ಯಂತ್ರದ ಸ್ಲಾಟ್ ಎರಡೂ ಇದ್ರೆ ಮಾತ್ರ ಅಯೋಡೈಡ್ ಮುಟ್ಟು ಮಾರಾಯ.